ಪದರ ಪದರವಾಗಿ ನಮ್ಮ ಶಾಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆದರೆ ಇವತ್ತು ಮಾತಾಡುವುದು ಚಿತ್ರ ಬರೆಯುವುದರ ಬಗ್ಗೆ. ಸ್ಮರಣ ಸಂಚಿಕೆಗೆ ನಮ್ಮ ಹಳೆಯ ಹೆಂಚಿನ ಕಟ್ಟಡದ ಚಿತ್ರ ಬರೆದುಕೊಡು ಎಂದು ಸಮಿತಿಯವರು ಕೇಳಿದಾಗ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಆ ಕಟ್ಟಡ ಈಗಿಲ್ಲ. ಅಂಗಳದ ಬೇವಿನ ಮರವೂ ಇಲ್ಲ. ಸಿಕ್ಕಿದ್ದು ಒಂದೇ ಒಂದು ಮಸುಕಾದ ಗ್ರೂಪ್ ಫೋಟೋ. ಅದರಲ್ಲೂ ಕಟ್ಟಡಕ್ಕಿಂತ ನಮ್ಮ ತಲೆಗಳೇ ಜಾಸ್ತಿ.

ಒಂಬತ್ತನೇ ತರಗತಿಯಲ್ಲಿ ಭೂಪಟ ಬರೆಯುವಾಗ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ಹರಿದುಕೊಂಡಿದ್ದೆ. ಸಮಾಜ ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. ತೆಳು ಹಾಳೆಗೆ ಕೊಬ್ಬರಿ ಎಣ್ಣೆ ಸವರಿ, ಭೂಪಟದ ಮೇಲಿಟ್ಟು, "ಕೆಳಗಿನದನ್ನು ಮುಟ್ಟಬೇಡ. ತಪ್ಪಿದರೆ ಮೇಲಿನ ಹಾಳೆ ಬದಲಿಸು" ಎಂದರು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ವಿದ್ಯೆಯ ಗುಟ್ಟೂ ಇಷ್ಟೇ. ಆ ಎಣ್ಣೆ ಹಾಳೆಗೆ ಅಲ್ಲಿ ಲೇಯರ್ ಎನ್ನುತ್ತಾರೆ, ನಾನು ಪದರ ಎನ್ನುತ್ತೇನೆ.

ನಾನು ಬಳಸುವುದು ಕ್ರಿತಾ ಎಂಬ ತಂತ್ರಾಂಶ. ಅದು ಉಚಿತ, ಮಕ್ಕಳೂ ಕಲಿಯಬಹುದು. ಮೊದಲು ಕಾಗದದ ಅಳತೆ. ಅಡ್ಡವಾಗಿಟ್ಟ ಎ4 ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ ಅಗಲ 3508, ಎತ್ತರ 2480 ಚುಕ್ಕಿ ಬೇಕು. ಕಡಿಮೆಯಾದರೆ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಅಚ್ಚಿನಲ್ಲಿ ಮಸುಕಾಗುತ್ತದೆ.

ಮೊದಲ ಪದರದಲ್ಲಿ ಒರಟು ಪೆನ್ಸಿಲ್ ಗೆರೆ. ಅದನ್ನು ತಿಳಿಯಾಗಿಸಿ, ಮೇಲಿನ ಪದರದಲ್ಲಿ ಅಚ್ಚುಕಟ್ಟಾದ ಗೆರೆ ಎಳೆದು, ಪೆನ್ಸಿಲಿನದನ್ನು ಮರೆಮಾಡುತ್ತೇನೆ. ಗೆರೆಯ ಕೆಳಗಿನ ಪದರಗಳಲ್ಲಿ ಬಣ್ಣ: ಹೆಂಚಿಗೊಂದು, ಗೋಡೆಗೊಂದು, ಮರಕ್ಕೊಂದು. ನಮ್ಮ ಮನೆಯ ಹೆಣ್ಣುಮಕ್ಕಳು ಚುಕ್ಕಿ ಇಟ್ಟು, ಗೆರೆ ಎಳೆದು, ಆಮೇಲೆ ಬಣ್ಣ ತುಂಬುತ್ತಾರಲ್ಲ, ಹಾಗೆ. ಬಣ್ಣದ ಮೇಲೆ ನೆರಳಿನ ಪದರ. ಅದನ್ನು 'ಮಲ್ಟಿಪ್ಲೈ' ಎಂಬ ಬಗೆಗೆ ಇಟ್ಟರೆ ಕೆಳಗಿನ ಬಣ್ಣ ಮುಚ್ಚಿಹೋಗದೆ ಗಾಢವಾಗುತ್ತದೆ. ಕೊನೆಗೆ ಬಿಸಿಲಿನ ಪದರ.

ಕಲಿಯುವಾಗ ಒಮ್ಮೆ ಎಲ್ಲ ಪದರಗಳನ್ನೂ ಒಂದಾಗಿಸಿ ಉಳಿಸಿಬಿಟ್ಟಿದ್ದೆ. ಮರುದಿನ ಒಂದು ಕಿಟಕಿ ಸರಿಪಡಿಸಲು ಇಡೀ ಗೋಡೆ ಮತ್ತೆ ಬರೆಯಬೇಕಾಯಿತು. ಅಂದಿನಿಂದ ಪದರಗಳಿರುವ ಮೂಲ ಕಡತ ಬೇರೆ, ಅಚ್ಚಿಗೆ ಕೊಡುವ ಪ್ರತಿ ಬೇರೆ.

ಶಾಲೆಯ ಚಿತ್ರ ಮುಗಿಸಿ ಹಿರಿಯರಿಗೆ ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಎಂದರು. ನಮ್ಮ ಗಂಟೆಯಣ್ಣ ಮಾತ್ರ ಸುಮ್ಮನೆ ನೋಡುತ್ತಿದ್ದರು. ಆಮೇಲೆ, "ಅಲ್ಲ ಕಣಪ್ಪಾ, ಪ್ರಾರ್ಥನೆ ಹೊತ್ತಲ್ಲಿ ನಿಮ್ಮ ನೆರಳೆಲ್ಲ ನನ್ನ ಗಂಟೆ ಕಡೆಗೆ ಬೀಳ್ತಿತ್ತು. ನೀನು ಗೇಟಿನ ಕಡೆಗೆ ಬೀಳಿಸಿದ್ದೀಯಲ್ಲ?" ಎಂದರು. ಶಾಲೆಯ ಬಾಗಿಲು ಪೂರ್ವಕ್ಕಿತ್ತು. ಪ್ರಾರ್ಥನೆಗೆ ನಿಂತಾಗ ಸೂರ್ಯ ನಮ್ಮ ಬೆನ್ನಿಗೆ. ನನ್ನ ಚಿತ್ರದಲ್ಲಿ ಮಕ್ಕಳು ಬೆಳಗಿನ ಪ್ರಾರ್ಥನೆಗೆ ನಿಂತಿದ್ದರು, ಬಿಸಿಲು ಮಾತ್ರ ಸಂಜೆಯದು! ಐದು ವರ್ಷ... ಕ್ಷಮಿಸಿ, ಮೂರು ವರ್ಷ ಅಲ್ಲಿ ನಿಂತ ನನಗೆ ನೆನಪಿರಲಿಲ್ಲ, ದಿನವೂ ಗಂಟೆ ಹೊಡೆದವರಿಗೆ ನೆನಪಿತ್ತು. ಪದರ ಬೇರೆಯಿದ್ದ ಕಾರಣ ನೆರಳು, ಬಿಸಿಲು ಎರಡನ್ನೇ ಅಳಿಸಿ ಒಂದೇ ಸಂಜೆಯಲ್ಲಿ ಸರಿಮಾಡಿದೆ.

ಜಗಲಿಯಲ್ಲಿ ಕೈಕಟ್ಟಿ ನಿಂತಿರುವವರು ಆ ಎಣ್ಣೆ ಹಾಳೆಯ ಮೇಷ್ಟ್ರು. ಅವರು ಇವತ್ತು ನಮ್ಮೊಂದಿಗಿಲ್ಲ. ಅವರ ಮುಖ ಬರೆಯಲು ನನ್ನ ನೆನಪು ಸಾಲಲಿಲ್ಲ. ಅದಕ್ಕೊಂದು ಖಾಲಿ ಪದರ ಇಟ್ಟಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅವರ ಫೋಟೋ ಇದ್ದರೆ ದಯವಿಟ್ಟು ಕೊಡಿ. ಮೂಲ ಕಡತವನ್ನು ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ನಾನು ಮರೆತದ್ದು ನಿಮಗೆ ನೆನಪಾದರೆ ಹೇಳಿ, ಈ ಶಾಲೆಯ ಮಕ್ಕಳು ಹೊಸ ಪದರ ಸೇರಿಸಿ ಬರೆಯಲಿ. ಮಕ್ಕಳೇ, ತಪ್ಪಾದೀತೆಂದು ಹೆದರಬೇಡಿ. ಕೆಳಗಿನ ಹಾಳೆ ಹರಿಯುವುದಿಲ್ಲ.