ಸುರುಳಿ ಸುತ್ತಿದ ದೇವರು

ನಂಜನಗೂಡಿನ ಶ್ರೀಕಂಠೇಶ್ವರನ ದೇಗುಲದಲ್ಲಿ 63 ಮಂದಿ ಪುರಾತನರ ಶಿಲಾಮೂರ್ತಿಗಳನ್ನು ತಾವೆಲ್ಲರೂ ಕಂಡಿರಬಹುದು. ಅಲ್ಲಿ ದೇವರು ನೆಲೆನಿಂತವನು. ಭಕ್ತನು ಅವನಿದ್ದೆಡೆಗೆ ನಡೆದು ಹೋಗಬೇಕು. ನಾವು ಈ ಸಂಜೆ ಹೇಳಹೊರಟಿರುವುದು ಇದಕ್ಕೆ ವಿಪರೀತವಾದ ಸಂಗತಿ: ಸುರುಳಿ ಸುತ್ತಿ ಹೆಗಲಿಗೇರಿಸಬಹುದಾದ ದೇವರು. ಟಿಬೆಟಿನವರು ಇದನ್ನು ಥಂಕವೆನ್ನುವರು.

ಇದನ್ನು ನೋಡಲು ಹಿಮಾಲಯವನ್ನು ಹತ್ತಬೇಕಾದುದಿಲ್ಲ. 1959ರಿಂದೀಚೆಗೆ ನಾಡು ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರವು ನಮ್ಮ ಜಿಲ್ಲೆಯ ಬೈಲಕುಪ್ಪೆಯಲ್ಲಿ ಭೂಮಿಯಿತ್ತಿತು. 1963ರಲ್ಲಿ ಅಲ್ಲಿ ನಾಮ್‌ಡ್ರೋಲಿಂಗ್ ವಿಹಾರವು ಆರಂಭವಾಯಿತು. ತಿರುಮಕೂಡಲು ನರಸೀಪುರದ ಮಾರ್ಗವಾಗಿ ಕೊಳ್ಳೇಗಾಲವನ್ನು ದಾಟಿ ಹೋದರೆ, ಒಡೆಯರಪಾಳ್ಯದಲ್ಲಿ 1974ರ ಇನ್ನೊಂದು ನೆಲೆಯುಂಟು.

ಹತ್ತಿಯ ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು, ತೊಗಲಿನ ಅಂಟಿನಲ್ಲಿ ಕಲಸಿದ ಸೀಮೆಸುಣ್ಣವನ್ನು ಬಳಿದು, ನುಣುಪುಗಲ್ಲಿನಿಂದ ಉಜ್ಜುವರು. ಕುಶಲತೆಯೆಲ್ಲ ಇಲ್ಲಿಯೇ ಇರುವುದೆಂದು ನಮ್ಮ ಎಣಿಕೆ. ಲೇಪವು ದಪ್ಪವಾದರೆ ಸುತ್ತುವಾಗ ಬಿರಿಯುವುದು. ತೆಳುವಾದರೆ ಬಣ್ಣವು ಬಟ್ಟೆಯಲ್ಲಿ ಇಂಗಿಹೋಗುವುದು. ಬಳಿಕ ಗೆರೆಗಳ ಜಾಲವನ್ನೆಳೆದು ಅಂಗಾಂಗಗಳ ಪ್ರಮಾಣವನ್ನು ಗುರುತಿಸುವರು. ನಮ್ಮ ಶಿಲ್ಪಿಗಳ ತಾಲಮಾನವನ್ನು ಬಲ್ಲವರಿಗೆ ಇದು ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಧ್ಯಾನಶ್ಲೋಕವು ಹೇಳಿದಂತೆ ಚಿತ್ರವಿದ್ದರೆ, ಟಿಬೆಟಿನ ಚಿತ್ರಕಾರನೂ ತನ್ನ ಗ್ರಂಥಕ್ಕೆ ಹಾಗೆಯೇ ಬದ್ಧನು. ನೀಲಿ, ಹಸುರು ಬಣ್ಣಗಳನ್ನು ಕಲ್ಲು ಅರೆದು ಪಡೆಯುವರು, ಕೆಂಪಿಗೆ ಇಂಗಳೀಕ. ಮೈಸೂರು ಚಿತ್ರದಲ್ಲಿ ಉಬ್ಬಿಸಿದ ಲೇಪದ ಮೇಲೆ ಚಿನ್ನದ ರೇಕು ಅಂಟಿಸುವುದು ವಾಡಿಕೆ. ಅವರು ಚಿನ್ನದ ಪುಡಿಯನ್ನು ಕುಂಚದಿಂದಲೇ ಹಚ್ಚುವರು. ಸುತ್ತಿಡುವ ಪಟದಲ್ಲಿ ಉಬ್ಬು ಉಳಿಯಬೇಕಲ್ಲ! ಕಣ್ಣು ಬರೆಯುವುದು ಕಟ್ಟಕಡೆಗೆ.

ಪಟದ ಸುತ್ತ ಜರತಾರಿಯ ಅಂಚು. ನರಸೀಪುರದ ಕಾರ್ಖಾನೆಯಲ್ಲಿ ತೆಗೆದ ನೂಲು ಮೈಸೂರಿನ ಸೀರೆಗಳಿಗೆ ಸಲ್ಲುವುದು. ಆದರೆ ಟಿಬೆಟಿನವರ ಜರತಾರಿಯನ್ನು ಬಹುಕಾಲದಿಂದ ನೇಯ್ದು ಕೊಟ್ಟವರು ಕಾಶಿಯ ನೇಕಾರರು, ಕಾಶಿಯ ಮಗ್ಗಗಳಿಗೆ ಕರ್ನಾಟಕದ ರೇಷ್ಮೆಯೂ ಹೋಗುವುದುಂಟು. ಕುಂಚವಿಲ್ಲದೆ, ರೇಷ್ಮೆಯ ತುಂಡುಗಳನ್ನೇ ಕತ್ತರಿಸಿ ಹೊಲಿದು ಮಾಡುವ ಥಂಕಗಳೂ ಇವೆ. ಲೋಸರ್ ಎಂಬ ಹೊಸವರ್ಷದ ದಿನಗಳಲ್ಲಿ ಬೈಲಕುಪ್ಪೆಯ ವಿಹಾರದಲ್ಲಿ ಅಂಥ ಬೃಹತ್ ಪಟವನ್ನು ಬಿಚ್ಚಿ ತೂಗಿಬಿಡುವರು. ನಂಜನಗೂಡಿನ ದೊಡ್ಡ ತೇರಿನ ದಿನ ನೆರೆದವರ ಮುಖದಲ್ಲಿ ಕಾಣುವ ಭಾವವೇ ಅಲ್ಲಿಯೂ.

ಈಗ ಅಚ್ಚಿನ ಪಟಗಳು ಅಗ್ಗವಾಗಿ ದೊರೆಯುತ್ತಿವೆ. ತಿಂಗಳುಗಟ್ಟಲೆ ಕುಳಿತು ಬರೆದುದಕ್ಕೂ ಅದೇ ಬೆಲೆ ಕೇಳುವವರು ನಮ್ಮಲ್ಲಿಯೇ ಇದ್ದಾರೆ. ಹೀಗಾದರೆ ಆ ಚೌಕಟ್ಟಿನ ಮುಂದೆ ಕೂರುವ ಹುಡುಗನೆಲ್ಲಿಂದ ಬಂದಾನು? ಕೊಳ್ಳುವವರು ಎದುರುಭಾಗವನ್ನಷ್ಟೇ ನೋಡುವರು. ಹಿಂಬದಿಯಲ್ಲಿ, ಮೂರ್ತಿಯ ಹಣೆ, ಕಂಠ, ಹೃದಯಗಳ ನೇರಕ್ಕೆ, ಓಂ, ಆಃ, ಹೂಂ ಎಂಬ ಮೂರು ಅಕ್ಷರಗಳನ್ನು ಬರೆದಿರುತ್ತಾರೆ. ಪಟವನ್ನು ಗೋಡೆಗೆ ತೂಗಿದ ಮೇಲೆ ಅವು ಯಾರ ಕಣ್ಣಿಗೂ ಬೀಳವು.