ಗುದಭ್ರಂಶ: ಕೀಹೋಲ್ ಶಸ್ತ್ರಚಿಕಿತ್ಸೆ ಮತ್ತು ರೋಗಿಯ ಲೆಕ್ಕ



ವೈದ್ಯಕೀಯ ದತ್ತಿ ಉಪನ್ಯಾಸವೆಂದರೆ ಹೃದಯ, ಮಿದುಳು, ಸಕ್ಕರೆ ಕಾಯಿಲೆಗಳ ಮಾತು ಬರುವುದು ವಾಡಿಕೆ. ನಾನು ಬೇಕೆಂದೇ ಸಭೆಯಲ್ಲಿ ಹೆಸರೆತ್ತಲು ಸಂಕೋಚಪಡುವ ಕಾಯಿಲೆಯೊಂದನ್ನು ಆರಿಸಿಕೊಂಡಿದ್ದೇನೆ. ಗುದಭ್ರಂಶದಿಂದ ಸಾಯುವವರು ತೀರ ವಿರಳ. ಆದರೆ ಅದು ಬಂದವರು ಮದುವೆಮನೆಗೆ ಹೋಗುವುದನ್ನು ಬಿಡುತ್ತಾರೆ, ಬಸ್ಸು ಹತ್ತುವುದನ್ನು ಬಿಡುತ್ತಾರೆ, ಕಡೆಗೆ ಮನೆಯವರ ಜೊತೆ ಕೂತು ಉಣ್ಣುವುದನ್ನೂ ಬಿಡುತ್ತಾರೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆ ಚಿಕಿತ್ಸೆಯ ಯಶಸ್ಸನ್ನು ಯಾವುದರಿಂದ ಅಳೆಯಬೇಕು ಎಂಬುದೇ ಇವತ್ತಿನ ನನ್ನ ವಿಷಯ.

1. ಕಾಯಿಲೆಯ ಸ್ವರೂಪ

ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳ ತನ್ನ ಪೂರ್ತಿ ದಪ್ಪದೊಂದಿಗೆ ಗುದದ್ವಾರದಿಂದ ಹೊರಗೆ ಜಾರುವುದು ಗುದಭ್ರಂಶ. ಜುಬ್ಬ ಕಳಚುವಾಗ ತೋಳು ಒಳಮೈ ಹೊರಗಾಗಿ ಬರುತ್ತದಲ್ಲ, ಹಾಗೆ. ಮೊದಮೊದಲು ಮಲವಿಸರ್ಜನೆಗೆ ಮುಕ್ಕಿದಾಗ ಮಾತ್ರ ಬರುತ್ತದೆ, ತಾನಾಗಿ ಒಳಗೆ ಹೋಗುತ್ತದೆ. ಆಮೇಲೆ ಕೈಯಿಂದ ತಳ್ಳಬೇಕಾಗುತ್ತದೆ. ಕೊನೆಗೆ ಕೆಮ್ಮಿದರೂ ನಡೆದರೂ ಇಳಿಯುತ್ತದೆ.

ಬಹಳ ಜನ ಬರುವುದು "ಪೈಲ್ಸ್ ಇಳಿದಿದೆ ಸಾರ್" ಎಂದುಕೊಂಡೇ. ಎಷ್ಟೋ ವರ್ಷ ಮೂಲವ್ಯಾಧಿಯ ಔಷಧಿ ಹಚ್ಚಿಕೊಂಡಿರುತ್ತಾರೆ. ಕುಕ್ಕರುಗಾಲಿನಲ್ಲಿ ಕೂರಿಸಿ ಮುಕ್ಕಲು ಹೇಳಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಗುದಭ್ರಂಶದಲ್ಲಿ ಬಳೆ ಜೋಡಿಸಿಟ್ಟ ಹಾಗೆ ಸುತ್ತುಮಡಿಕೆಗಳು ಕಾಣುತ್ತವೆ, ಮೂಲವ್ಯಾಧಿಯಲ್ಲಿ ಗಂಟುಗಳ ನಡುವೆ ಉದ್ದ ಸೀಳುಗಳು ಕಾಣುತ್ತವೆ. ಹೀಗೆ ಕೂರಿಸಿ ನೋಡದೆ ಮಲಗಿಸಿ ನೋಡಿದ್ದರಿಂದಲೇ ತಪ್ಪಿಹೋದ ರೋಗನಿರ್ಣಯಗಳು ಅನೇಕ.

ಕಾಯಿಲೆ ಹೊಸದಲ್ಲ. ಸುಶ್ರುತ ಸಂಹಿತೆ ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಹೇಳಿ, ಜಾರಿದ ಭಾಗಕ್ಕೆ ಸ್ನೇಹದ್ರವ್ಯ ಸವರಿ ಒಳಗೆ ಸೇರಿಸಿ, ನಡುವೆ ತೂತುಳ್ಳ ಚರ್ಮದ ಪಟ್ಟಿ ಕಟ್ಟಲು ಸೂಚಿಸುತ್ತದೆ. ಜಾರುವುದು ಏಕೆ ಎಂಬ ಪ್ರಶ್ನೆಗೆ 1912ರಲ್ಲಿ ಶಸ್ತ್ರವೈದ್ಯ ಮೊಶ್ಕೊವಿಟ್ಸ್ ಇದೊಂದು ಬಗೆಯ ಹರ್ನಿಯಾ ಎಂದರು. 1968ರಲ್ಲಿ ಬ್ರೋಡೆನ್ ಮತ್ತು ಸ್ನೆಲ್‌ಮನ್ ಚಲಿಸುವ ಎಕ್ಸ್-ರೇ ಚಿತ್ರಗಳಲ್ಲಿ, ಕರುಳು ಮೊದಲು ಒಳಗೇ ತನ್ನೊಳಗೆ ತಾನು ಮಡಚಿಕೊಂಡು ಆಮೇಲೆ ಕೆಳಗಿಳಿಯುವುದನ್ನು ತೋರಿಸಿದರು.

ಪಶ್ಚಿಮದ ದೇಶಗಳಲ್ಲಿ ರೋಗಿಗಳ ಪೈಕಿ 50 ದಾಟಿದ ಹೆಂಗಸರೇ ಹೆಚ್ಚು. ನಮ್ಮಲ್ಲಿ ಎಳೆಯ ವಯಸ್ಸಿನ ಗಂಡಸರೂ ಬರುತ್ತಾರೆ. ಹೆರಿಗೆಯೊಂದೇ ಕಾರಣ ಎಂಬ ನಂಬಿಕೆ ಸರಿಯಲ್ಲ, ಹೆರದ ಹೆಂಗಸರಲ್ಲೂ ಇದು ಸಾಕಷ್ಟು ಕಾಣುತ್ತದೆ. ವರ್ಷಗಟ್ಟಲೆ ಮುಕ್ಕುವ ಮಲಬದ್ಧತೆ, ಸಡಿಲಗೊಂಡ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮುಖ್ಯ ಜೊತೆಗಾರರು. ಮಕ್ಕಳಲ್ಲಿ ಭೇದಿ, ಅಪೌಷ್ಟಿಕತೆ, ನಾಯಿಕೆಮ್ಮು, ಜಂತುಹುಳು ಕಾರಣವಾಗಬಹುದು. ಅವಕ್ಕೆ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ.

2. ಹಳೆಯ ದಾರಿಗಳು

1891ರಲ್ಲಿ ಶಸ್ತ್ರವೈದ್ಯ ಥಿಯೆರ್ಶ್ ಗುದದ್ವಾರದ ಸುತ್ತ ಬೆಳ್ಳಿತಂತಿ ಬಿಗಿದರು. 1900ರಲ್ಲಿ ಫ್ರಾನ್ಸಿನ ಸೇನಾವೈದ್ಯ ಡೆಲೋರ್ಮ್ ಜಾರಿದ ಭಾಗದ ಲೋಳ್ಪೊರೆಯನ್ನು ಸುಲಿದು, ಉಳಿದ ಸ್ನಾಯುವನ್ನು ನೆರಿಗೆ ಹಿಡಿದು ಹೊಲಿದರು. ಹೊಟ್ಟೆ ತೆರೆಯದೆ ಕೆಳಗಿನಿಂದಲೇ ಮಾಡುವ ಡೆಲೋರ್ಮ್ ವಿಧಾನ ಇಂದಿಗೂ ವಯಸ್ಸಾದ, ದುರ್ಬಲ ರೋಗಿಗಳಿಗೆ ಉಪಯುಕ್ತ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ರಿಪ್‌ಸ್ಟೈನ್, ವೆಲ್ಸ್ ಮೊದಲಾದ ಶಸ್ತ್ರವೈದ್ಯರು ಹೊಟ್ಟೆ ತೆರೆದು ಗುದನಾಳವನ್ನು ಮೇಲೆತ್ತಿ, ಬೆನ್ನಿನ ಕೆಳಗಿನ ತ್ರಿಕಾಸ್ಥಿಗೆ ಕಟ್ಟಿದರು. ಕರುಳು ನಿಂತಿತು. ಆದರೆ ಅದನ್ನು ಹಿಂದಿನಿಂದಲೂ ಪಕ್ಕಗಳಿಂದಲೂ ಬಿಡಿಸಿಕೊಳ್ಳುವಾಗ ನರಗಳಿಗೆ ಪೆಟ್ಟು ಬಿದ್ದು, ಅನೇಕರಿಗೆ ಮಲಬದ್ಧತೆ ಹೊಸದಾಗಿ ಅಂಟಿಕೊಂಡಿತು ಅಥವಾ ಇದ್ದದ್ದು ಹೆಚ್ಚಿತು. ಶಸ್ತ್ರವೈದ್ಯರ ದಾಖಲೆಯಲ್ಲಿ 'ಗುಣವಾಗಿದೆ' ಎಂದಿದ್ದ ರೋಗಿ ಮನೆಯಲ್ಲಿ ನರಳುತ್ತಲೇ ಇದ್ದರು.

3. ಕೀಹೋಲ್ ದಾರಿ

1987ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಮೂರೆ ಸಣ್ಣ ತೂತುಗಳ ಮೂಲಕ, ಕ್ಯಾಮೆರಾದ ನೆರವಿನಿಂದ ಪಿತ್ತಕೋಶ ತೆಗೆದರು. 1990ರಲ್ಲಿ ಶಸ್ತ್ರವೈದ್ಯ ಟೆಹೆಮ್ಟನ್ ಉದ್ವಾಡಿಯಾ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಆ ವಿದ್ಯೆಯನ್ನು ಭಾರತಕ್ಕೆ ತಂದರು. ಗುದಭ್ರಂಶಕ್ಕೂ ಲ್ಯಾಪರೋಸ್ಕೋಪಿ ಎಂಬ ಈ ಕೀಹೋಲ್ ವಿದ್ಯೆ ಬಂದದ್ದು 1990ರ ದಶಕದ ಆರಂಭದಲ್ಲಿ.

ಕೀಹೋಲ್ ಎಂದರೆ ಸಣ್ಣ ತೂತು ಎಂದಷ್ಟೇ ಅರ್ಥ ಮಾಡಿಕೊಂಡರೆ ಮುಖ್ಯ ವಿಷಯ ತಪ್ಪಿಹೋಗುತ್ತದೆ. ಬೆಲ್ಜಿಯಂನ ಲೂವೆನ್‌ನಲ್ಲಿ ಶಸ್ತ್ರವೈದ್ಯ ಆಂಡ್ರೆ ಡಿ'ಹೋರ್ ಬದಲಿಸಿದ್ದು ಒಳಗಿನ ಕೆಲಸವನ್ನೇ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ತಲೆಭಾಗ ತಗ್ಗಿಸಿ ಮಲಗಿಸಿ, ಕೆಲವೇ ತೂತುಗಳಿಂದ ಉಪಕರಣ ಇಳಿಸಿ, ಗುದನಾಳದ ಮುಂಭಾಗವನ್ನು ಮಾತ್ರ ಬಿಡಿಸುತ್ತಾರೆ. ಹಿಂಭಾಗವನ್ನೂ ಪಕ್ಕಗಳನ್ನೂ ಮುಟ್ಟುವುದಿಲ್ಲ. ಉದ್ದನೆಯ ಜಾಲರಿ ಪಟ್ಟಿಯನ್ನು ಗುದನಾಳದ ಮುಂಗೋಡೆಗೆ ಹೊಲಿದು, ಇನ್ನೊಂದು ತುದಿಯನ್ನು ತ್ರಿಕಾಸ್ಥಿಯ ಮೇಲಂಚಿಗೆ ಬಿಗಿದು, ಮೇಲೆ ಹೊಟ್ಟೆಯ ಒಳಪೊರೆ ಮುಚ್ಚುತ್ತಾರೆ. ನರಗಳು ಉಳಿಯುತ್ತವೆ. ಇದು ವೆಂಟ್ರಲ್ ಮೆಶ್ ರೆಕ್ಟೊಪೆಕ್ಸಿ.

4. ಫಲಿತಾಂಶ

2004ರಲ್ಲಿ ಡಿ'ಹೋರ್ ತಂಡ 42 ರೋಗಿಗಳ ವಿವರ ಪ್ರಕಟಿಸಿತು. ಸುಮಾರು ಐದು ವರ್ಷದ ನಿಗಾದಲ್ಲಿ ಕಾಯಿಲೆ ಮರುಕಳಿಸಿದ್ದು ಇಬ್ಬರಲ್ಲಿ. ಮಲ ತಡೆಯಲಾಗದೆ ಬಳಲುತ್ತಿದ್ದ 31 ಜನರಲ್ಲಿ 28 ಜನ ಸುಧಾರಿಸಿದರು. ಮಲ ಹೊರಹೋಗದೆ ಕಷ್ಟಪಡುತ್ತಿದ್ದ 19 ಜನರಲ್ಲಿ 16 ಜನರ ತೊಂದರೆ ನಿಂತಿತು. 2015ರಲ್ಲಿ ಪ್ರಕಟವಾದ 919 ರೋಗಿಗಳ ಇನ್ನೊಂದು ಅಧ್ಯಯನ, ಕರುಳು ಹೊರಬರುತ್ತಿದ್ದವರಲ್ಲಿ ಹತ್ತು ವರ್ಷಕ್ಕೆ ಮರುಕಳಿಕೆ ಸುಮಾರು 8 ಪ್ರತಿಶತ ಎಂದು ಅಂದಾಜಿಸಿತು.

ಹಾಗೆಂದು ಬೇರೆ ದಾರಿಗಳೆಲ್ಲ ಮುಚ್ಚಿದವೆಂದಲ್ಲ. ಬ್ರಿಟನ್ ನೇತೃತ್ವದ ಪ್ರಾಸ್ಪರ್ ಪ್ರಯೋಗ 293 ರೋಗಿಗಳಲ್ಲಿ ಹೊಟ್ಟೆಯ ಮೂಲಕ ಮತ್ತು ಕೆಳಗಿನಿಂದ ಮಾಡುವ ವಿಧಾನಗಳನ್ನು ಹೋಲಿಸಿ 2013ರಲ್ಲಿ ವರದಿ ಕೊಟ್ಟಿತು. ಮರುಕಳಿಕೆಯಲ್ಲಾಗಲಿ ಬದುಕಿನ ಗುಣಮಟ್ಟದಲ್ಲಾಗಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಎಲ್ಲ ಗುಂಪುಗಳ ರೋಗಿಗಳೂ ಮೊದಲಿಗಿಂತ ಮೇಲಾಗಿದ್ದರು. ತೆರೆದ ಶಸ್ತ್ರಕ್ರಿಯೆಗೆ ಹೋಲಿಸಿದರೆ ಕೀಹೋಲ್‌ಗೆ ಹೆಚ್ಚು ಹೊತ್ತು ಬೇಕು, ಆದರೆ ಆಸ್ಪತ್ರೆಯಿಂದ ಬೇಗ ಮನೆಗೆ ಹೋಗಬಹುದು. ದಿನಗೂಲಿಯ ಮೇಲೆ ಬದುಕುವವರಿಗೆ ಈ ಲಾಭ ಸಣ್ಣದಲ್ಲ.

ಜಾಲರಿಯ ಇನ್ನೊಂದು ಮುಖವನ್ನೂ ಹೇಳಬೇಕು. 2203 ರೋಗಿಗಳ ಒಂದು ಪರಿಶೀಲನೆಯಲ್ಲಿ ಸುಮಾರು 2 ಪ್ರತಿಶತ ಜನರಲ್ಲಿ ಜಾಲರಿ ಪಕ್ಕದ ಅಂಗವನ್ನು ಕೊರೆದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆದ ಮರುಪರಿಶೀಲನೆಯಲ್ಲಿ, ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಈ ಆಪರೇಷನ್‌ಗೆ ಮೊದಲು ಬೇರೆ ಚಿಕಿತ್ಸೆ ಕೊಡಬೇಕಿತ್ತು ಎಂದು ತಿಳಿದುಬಂತು. ಕೈಚಳಕ ಎಷ್ಟೇ ಇರಲಿ, ಬೇಡದವರಿಗೆ ಮಾಡಿದ ಶಸ್ತ್ರಕ್ರಿಯೆ ಕೇಡು.

5. ವಿನಂತಿ

ಶಸ್ತ್ರವೈದ್ಯ ಮಿತ್ರರೆ, ಕರುಳು ಮತ್ತೆ ಜಾರಿತೇ ಎಂದಷ್ಟೇ ಕೇಳಿ ಕಡತ ಮುಚ್ಚಬೇಡಿ. ಮಲ ತಡೆಯಲಾಗುತ್ತಿದೆಯೇ, ಮುಕ್ಕದೆ ಹೋಗುತ್ತಿದೆಯೇ, ಊರಿಗೆ ಹೋಗಿಬರುತ್ತಿದ್ದೀರಾ ಎಂದು ಆಪರೇಷನ್‌ಗೆ ಮೊದಲೂ ಕೇಳಿ, ವರ್ಷದ ನಂತರವೂ ಕೇಳಿ, ಬರೆದಿಡಿ. ಜಾಲರಿ ಹಾಕುವುದಾದರೆ ಅದರ ಅಪಾಯವನ್ನು ರೋಗಿಯ ಭಾಷೆಯಲ್ಲಿ ಮೊದಲೇ ಹೇಳಿ. ದುಡಿಯುವ ವಯಸ್ಸಿನ ಗಂಡಸರಿಗೆ ಲೈಂಗಿಕ ನರಗಳಿಗೆ ಪೆಟ್ಟು ಬೀಳಬಹುದಾದ ವಿಷಯವನ್ನು ಸಂಕೋಚವಿಲ್ಲದೆ ತಿಳಿಸಿ.

ಕೇಳುಗರಲ್ಲೂ ಒಂದು ಮಾತು. ನಿಮ್ಮ ಮನೆಯ ಹಿರಿಯರು ಹೊರಗೆ ಬರಲು ಹಿಂಜರಿಯುತ್ತಿದ್ದರೆ, ಪೈಲ್ಸ್ ಎಂದು ವರ್ಷಗಳಿಂದ ಮುಚ್ಚಿಟ್ಟುಕೊಂಡಿದ್ದರೆ, ವಿಚಾರಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ತಡವಾದಷ್ಟೂ ಗುದದ್ವಾರದ ಸ್ನಾಯು ಹಿಗ್ಗಿ ಸಡಿಲವಾಗುತ್ತದೆ. ಆಮೇಲೆ ಕರುಳನ್ನು ಮೇಲೆ ಕಟ್ಟಿದರೂ ಹಿಡಿತ ಪೂರ್ತಿ ಮರಳದಿರಬಹುದು. ಆದ್ದರಿಂದ ಬೇಗ ಬನ್ನಿ.