ಮಿಠಾಯಿಗೊಂದು ಚೌಕಟ್ಟು

ಮೇಜಿನ ಮೇಲೆ ಮೆತ್ತನೆಯ ಬಿಳಿ ಮಾರ್ಷ್‌ಮ್ಯಾಲೋ ಮಿಠಾಯಿ. ಎದುರಿಗೆ ನಾಲ್ಕು ವರ್ಷದ ಮಗು. ಈಗಲೇ ತಿಂದರೆ ಒಂದೇ. ಹೊರಗೆ ಹೋದ ದೊಡ್ಡವರು ಬರುವವರೆಗೆ ಕಾದರೆ ಎರಡು.

1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಆರಂಭಿಸಿದ ಈ ಪ್ರಯೋಗಗಳ ಸುದ್ದಿ ಹಲವರು ಕೇಳಿದ್ದೇ. ಯಾವ ಮಗು ಗೆದ್ದಿತು ಎಂಬುದಕ್ಕಿಂತ ಹೇಗೆ ಗೆದ್ದಿತು ಎಂಬುದೇ ಸ್ವಾರಸ್ಯ. ಕೆಲವರು ಕಣ್ಣು ಮುಚ್ಚಿಕೊಂಡರು, ಕೆಲವರು ತಮ್ಮಷ್ಟಕ್ಕೆ ಹಾಡಿಕೊಂಡರು. ಮಿಠಾಯಿಯ ಸಿಹಿಯನ್ನು ನೆನೆಯಿರಿ ಎಂದಾಗ ಮಕ್ಕಳ ಕೈ ಬೇಗ ಮುಂದೆ ಹೋಯಿತು. ಅದನ್ನೇ ಮೋಡ ಅಂದುಕೊಳ್ಳಿ, ಸುತ್ತ ಚೌಕಟ್ಟು ಹಾಕಿದ ಚಿತ್ರ ಅಂದುಕೊಳ್ಳಿ ಎಂದಾಗ ಬಹಳ ಹೊತ್ತು ತಡೆದುಕೊಂಡರು. ಚಿತ್ರವನ್ನು ಯಾರಾದರೂ ತಿನ್ನುತ್ತಾರೆಯೇ!

ಸ್ವತಃ ಮಿಶೆಲ್ ಒಂದು ಕಾಲಕ್ಕೆ ದಿನಕ್ಕೆ ಮೂರು ಪ್ಯಾಕ್ ಸಿಗರೇಟು ಸೇದುತ್ತಿದ್ದವರು. ಅಪಾಯ ಗೊತ್ತಿದ್ದರೂ ಬಿಡಲಾಗಿರಲಿಲ್ಲ. ಒಮ್ಮೆ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಯೊಬ್ಬರನ್ನು ಕಂಡರು: ಬೋಳಿಸಿದ ತಲೆ, ಅದರ ಮೇಲೆ ವಿಕಿರಣ ಚಿಕಿತ್ಸೆಗಾಗಿ ಬರೆದ ಹಸಿರು ಗುರುತುಗಳು. ಆಮೇಲೆ ಸೇದುವ ಆಸೆ ಬಂದಾಗಲೆಲ್ಲ ಆ ದೃಶ್ಯವನ್ನೇ ಕಣ್ಣ ಮುಂದೆ ತಂದುಕೊಂಡರು. ಚಟ ಬಿಟ್ಟಿತು.

ಹಾಗೆಂದು ಕಾಯಲಾರದ ಮಗುವನ್ನು ದುರ್ಬಲ ಎಂದು ಜರೆಯುವುದು ಅನ್ಯಾಯ. ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಕೊಟ್ಟ ಮಾತು ತಪ್ಪಿದವರಿಗಾಗಿ ಮಕ್ಕಳು ಕಾದದ್ದು ಸರಾಸರಿ ಮೂರು ನಿಮಿಷ. ಮಾತು ಉಳಿಸಿಕೊಂಡವರಿಗಾಗಿ ಹನ್ನೆರಡು.